ಆರು ಗುಂಡಿನದೋ, ಎಂಟು ಗುಂಡಿನದೋ

ನಮ್ಮ ಮನೆಯಲ್ಲಿ ಯಾವ ಸಾಮಾನನ್ನೂ ಒಂದೇ ಸಲಕ್ಕೆ ತಂದ ಚರಿತ್ರೆ ಇಲ್ಲ. ವಾಷಿಂಗ್ ಮೆಷಿನ್ನಿಗೆ ಬಟ್ಟೆ ಮೇಲಿಂದ ಹಾಕೋದು ಒಳ್ಳೆಯದೋ ಮುಂದಿನಿಂದ ಹಾಕೋದು ಒಳ್ಳೆಯದೋ ಅಂತ ತೀರ್ಮಾನ ಆಗುವಷ್ಟರಲ್ಲಿ ನನ್ನ ಎರಡು ಸೀರೆ ಕೈಯಲ್ಲೇ ಒಗೆದು ಒಗೆದು ಪಿಸಿದುಹೋದವು. ಇಂಥ ಮನೆಗೆ ರಿವಾಲ್ವರ್ ತರೋದಾ, ಪಿಸ್ತೂಲ್ ತರೋದಾ ಅನ್ನುವ ಪ್ರಶ್ನೆ ಬಂದರೆ ಗತಿ ಏನು, ನೀವೇ ಹೇಳಿ. ನಾವೇನು ರೌಡಿಗಳಲ್ಲ. ತ್ಯಾಗರಾಜನಗರದಲ್ಲಿ ಮನೆ, ಜಯನಗರದಲ್ಲಿ ಒಂದು ಪುಟ್ಟ ಬೆಳ್ಳಿ ಸಾಮಾನಿನ ಅಂಗಡಿ. ಮಾವನವರು ಶುರು ಮಾಡಿದ್ದು. ನಮ್ಮನೆಯವರು ಮೀಸೆ ಚಿಗುರುವ ಮೊದಲೇ ಬಂದು ಕೂತವರು, ಈಗ ಅರವತ್ತೆರಡು. ಬೇರೆ ಕೆಲಸ ಗೊತ್ತಿಲ್ಲ, ಗೊತ್ತುಮಾಡಿಕೊಳ್ಳುವ ಆಸೆಯೂ ಇರಲಿಲ್ಲ. ಒಂದು ಸಲ ಒಂದು ಮಗುವಿಗೆ ಲೋಟ ಮಾರಿದರೆ, ಅದು ಮದುವೆಗೆ ಕುಂಕುಮದ ಭರಣಿ ತಗೊಳ್ಳಕ್ಕೆ ಬರುವವರೆಗೂ ಅದರ ಮುಖ ನೆನಪಿಟ್ಟುಕೊಂಡಿರೋ ಮನುಷ್ಯ.

ಎರಡು ವರ್ಷದ ಹಿಂದೆ ಒಂದು ಸಂಜೆ, ಪಾಲಿಶ್ ಮಾಡಿಸಿದ ಬೆಳ್ಳಿ ಸಾಮಾನಿನ ಬ್ಯಾಗನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು ಬರ್ತಾ ಇದ್ದರು. ಪಾರ್ಕಿನ ಹಿಂದಿನ ಅಡ್ಡರಸ್ತೆಯಲ್ಲಿ ಹೆಲ್ಮೆಟ್ ಹಾಕಿಕೊಂಡ ಇಬ್ಬರು ಬೈಕ್ ಅಡ್ಡ ತಂದು ನಿಲ್ಲಿಸಿದರು. ಹಿಂದೆ ಕೂತವನು ಲಾಂಗ್ ತೆಗೆದು "ಬ್ಯಾಗ್ ಕೊಡೋ ಮುದುಕ" ಅಂದ. ನಮ್ಮನೆಯವರು ಬ್ಯಾಗನ್ನು ಎರಡೂ ಕೈಯಲ್ಲಿ ಎತ್ತಿ, ಗಿರಾಕಿಗೆ ಕೊಡುವ ಹಾಗೇ ಕೊಟ್ಟು, "ತಗೊಳ್ಳಿ ಸಾರ್. ಜಿಪ್ ಕೆಟ್ಟಿದೆ, ಸ್ವಲ್ಪ ಹುಷಾರು" ಅಂದರಂತೆ.

ಮನೆಗೆ ಬಂದು ಇದನ್ನೆಲ್ಲಾ ಅವರೇ ನನಗೆ ಹೇಳಿದ್ದು. ನಾನು ಮೊದಲು ಮೈಕೈ ಮುಟ್ಟಿ ನೋಡಿದೆ, ಎಲ್ಲೂ ಗಾಯ ಇಲ್ಲ ಅಂತ ಖಾತ್ರಿ ಮಾಡಿಕೊಂಡೆ, ದೇವರಿಗೆ ದೀಪ ಹಚ್ಚಿದೆ. ಆಮೇಲೆ ನಕ್ಕುಬಿಟ್ಟೆ. ಏನು ಮಾಡಲಿ, ಜಿಪ್ಪಿನ ಮಾತು ನೆನೆಸಿಕೊಂಡರೆ ತಡೆಯಕ್ಕಾಗಲಿಲ್ಲ. ಅವರು ನಗಲಿಲ್ಲ. ಆ ನಗುವಿಗೆ ನನ್ನನ್ನು ನಾನು ಇವತ್ತಿಗೂ ಬೈದುಕೊಳ್ತೀನಿ.

ಬೆಳ್ಳಿ ಹೋಗಿದ್ದಕ್ಕೆ ಅವರಿಗೆ ಅಷ್ಟು ಬೇಜಾರಿರಲಿಲ್ಲ. ತಾನು ಹೆದರಿಬಿಟ್ಟೆನಲ್ಲ ಅನ್ನೋದೇ ಹೊಟ್ಟೆಯಲ್ಲಿ ಕೂತುಬಿಟ್ಟಿತ್ತು. ಎಂಟಕ್ಕೆ ಮುಚ್ಚುತ್ತಿದ್ದ ಅಂಗಡಿ ಆರಕ್ಕೆ ಮುಚ್ಚಿತು. ಆಮೇಲೆ ಐದಕ್ಕೆ. ಹೊರಗೆ ಬೈಕ್ ನಿಂತ ಸದ್ದಾದರೆ ಗಲ್ಲಾ ಹಿಂದೆ ಎದ್ದು ನಿಂತುಬಿಡೋರು. ಆಮೇಲೆ ವಾರಕ್ಕೆರಡು ದಿನ ತಲೆನೋವು ಅಂತ ಮನೆಯಲ್ಲೇ ಉಳಿಯೋಕೆ ಶುರು. ಒಂದಿನ ಹುರುಳಿಕಾಯಿ ನಾರು ಬಿಡಿಸುತ್ತಾ ಕೂತಿದ್ದವರು, "ಮುಚ್ಚಿಬಿಡೋಣ ಕಣೇ ಅಂಗಡೀನ. ಸಾಕು" ಅಂದರು. ಅಂಗಡಿ ಮುಚ್ಚಿದರೆ ಈ ಮನುಷ್ಯ ಹುರುಳಿಕಾಯಿ ಬಿಡಿಸಿಕೊಂಡೇ ಕೊರಗಿ ಹೋಗ್ತಾರೆ ಅಂತ ನನಗೆ ಗೊತ್ತಿತ್ತು. ಹಾಗಾಗಿ ನನ್ನ ತಮ್ಮ ಬಂದು "ಭಾವ, ಗನ್ ಲೈಸೆನ್ಸ್‌ಗೆ ಹಾಕಿ" ಅಂದಾಗ ನಾನು ಬಾಯಿ ಮುಚ್ಚಿಕೊಂಡು ಸುಮ್ಮನಿದ್ದೆ. ಅದೊಂದು ಕೈಯಲ್ಲಿದ್ದರೆ ಇವರಿಗೆ ಧೈರ್ಯ ಬರುತ್ತೆ, ಅಂಗಡಿ ಉಳಿಯುತ್ತೆ ಅಂತ ಒಂದೇ ಆಸೆ.

ನನ್ನ ತಮ್ಮ ಜೆಪಿ ನಗರದಲ್ಲಿದ್ದಾನೆ. ಇಪ್ಪತ್ತು ವರ್ಷದ ಮೇಲೆ ಸೈನ್ಯದಲ್ಲಿದ್ದು ರಿಟೈರ್ ಆದವನು. ಸೈನ್ಯ ಅಂದರೆ ಗಡಿ ಕಾದವನಲ್ಲ, ಉಗ್ರಾಣದಲ್ಲಿ ಕಂಬಳಿ, ಕಾಲುಚೀಲ ಹಂಚಿದವನು. ಆದರೆ ಮದುವೆ ಮನೆಯಲ್ಲಿ ಅವನು ಮಾತಾಡೋದು ಕೇಳಿದರೆ ದೇಶದ ಅರ್ಧ ಯುದ್ಧ ಅವನ ಕಂಬಳಿಯಿಂದಲೇ ಗೆದ್ದಿರೋದು.

ಅರ್ಜಿ ಹಾಕಿದ ಮೇಲೆ ವಿಚಾರಣೆಗೆ ಒಬ್ಬ ಪೊಲೀಸ್ ಬಂದರು. ಅಕ್ಕಪಕ್ಕದವರನ್ನು ಕೇಳಿ, ಮನುಷ್ಯ ಹೇಗೆ ಅಂತ ಬರೆದುಕೊಂಡು ಹೋಗಬೇಕಂತೆ. ಎದುರುಮನೆ ಆಂಟಿ ನಮಗೆ ಒಳ್ಳೆಯದಾಗಲಿ ಅಂತಲೇ ಬಾಯಿ ತುಂಬಾ ಹೊಗಳಿದರು. "ದೇವರಂಥ ಮನುಷ್ಯ ಸಾರ್. ಜಿರಲೆ ಬಂದ್ರೂ ಹೊಡೆಯಲ್ಲ, ಪೇಪರ್ ಮೇಲೆ ಹತ್ತಿಸ್ಕೊಂಡು ಹೊರಗೆ ಬಿಟ್ಟು ಬರ್ತಾರೆ." ಪೊಲೀಸು ಬರೆಯೋದು ನಿಲ್ಲಿಸಿ ನಮ್ಮನೆಯವರ ಮುಖ ನೋಡಿದರು. "ಮತ್ತೆ ಇವ್ರಿಗೆ ಗನ್ ಯಾಕ್ರೀ?" ಅಂದರು. ಆಂಟಿಗೆ ಗಾಬರಿಯಾಗಿ, "ಇಲ್ಲ ಸಾರ್, ಕೋಪಾನೂ ಬರುತ್ತೆ ಅವ್ರಿಗೆ, ಒಂದ್ಸಲ ಹಾಲಿನವನಿಗೆ ಬೈದಿದ್ರು" ಅಂತ ಸೇರಿಸಿದರು. ನಾನು ಬಾಗಿಲ ಹಿಂದೆ ನಿಂತು ಹಣೆ ಚಚ್ಚಿಕೊಂಡೆ.

ಆಮೇಲೆ ತರಬೇತಿ. ಬಂದೂಕು ಹಿಡಿಯೋದು ಕಲಿತು ಸರ್ಟಿಫಿಕೇಟ್ ತರದೆ ಲೈಸೆನ್ಸ್ ಕೊಡಲ್ಲ. ಇವರು ಗುಂಡು ಹಾರಿಸುವಾಗ ಎರಡೂ ಕಣ್ಣು ಮುಚ್ಚಿಕೊಂಡುಬಿಡೋರಂತೆ. ಮೊದಲ ದಿನ ಐದು ಗುಂಡು ಹೊಡೆದರು, ಇವರ ಹಲಗೆಯಲ್ಲಿ ಒಂದು ತೂತೂ ಇಲ್ಲ. ಪಕ್ಕದಲ್ಲಿ ನಿಂತಿದ್ದ ಬನಶಂಕರಿಯ ಕಂಟ್ರಾಕ್ಟರ್ ಒಬ್ಬರ ಹಲಗೆಯಲ್ಲಿ ಐದು ಗುಂಡಿಗೆ ಏಳು ತೂತು ಬಿದ್ದು, ಅವರು ಬಂದು ಇವರ ಕೈಕುಲುಕಿದರಂತೆ.

ಅಂತೂ ಇಂತೂ ಲೈಸೆನ್ಸ್ ಬಂತು. ಇಷ್ಟು ದಿನದೊಳಗೆ ಆಯುಧ ಕೊಂಡುಕೊಳ್ಳಬೇಕು ಅಂತ ಅದರಲ್ಲೇ ಬರೆದಿರುತ್ತೆ. ಆಗ ಶುರುವಾಯ್ತು ನೋಡಿ ಮನೆಯಲ್ಲಿ ಮಹಾಯುದ್ಧ. ತಮ್ಮನ ವೋಟು ಪಿಸ್ತೂಲಿಗೆ. ಅದರಲ್ಲಿ ಎಂಟು ಗುಂಡು ಹಿಡಿಯುತ್ತಂತೆ. ಹಿಡಿಕೆಯೊಳಗಿನ ಡಬ್ಬಿಯಲ್ಲಿ ಸಾಲಾಗಿ ಕೂತಿರ್ತವೆ, ಒಂದು ಸಲ ಮೇಲಿನ ಭಾಗ ಹಿಂದಕ್ಕೆ ಎಳೆದು ಬಿಟ್ಟರೆ ಆಯ್ತು, ಆಮೇಲೆ ಬೆರಳಲ್ಲಿ ಮೆತ್ತಗೆ ಒತ್ತಿದ ಹಾಗೆಲ್ಲಾ ಹೊಡೆಯುತ್ತೆ. ನಮಗೆ ಅರ್ಥ ಆಗಲಿ ಅಂತ ಮೇಜಿನ ಮೇಲಿದ್ದ ಸ್ಟೇಪ್ಲರ್ ಎತ್ತಿಕೊಂಡು, "ನೋಡಿ ಭಾವ, ಇದೇ ಥರ. ಒಂದು ಪಿನ್ ಹೋದ ತಕ್ಷಣ ಇನ್ನೊಂದು ತಾನೇ ಮುಂದೆ ಬಂದು ನಿಲ್ಲುತ್ತೆ" ಅಂದ.

"ನಮ್ಮ ಸ್ಟೇಪ್ಲರ್ ಮೂರು ಸಲಕ್ಕೊಂದ್ಸಲ ಸಿಕ್ಕಾಕ್ಕೊಳುತ್ತಲ್ಲೋ" ಅಂದರು ನಮ್ಮನೆಯವರು.

ತಮ್ಮ ಅದನ್ನು ಒತ್ತಿ ತೋರಿಸಕ್ಕೆ ಹೋದ. ಸಿಕ್ಕಾಕ್ಕೊಂಡಿತು. ಅಲ್ಲಿಂದ ಇವರ ಮನಸ್ಸು ರಿವಾಲ್ವರ್ ಕಡೆ ವಾಲಿತು. ರಿವಾಲ್ವರಿನಲ್ಲಿ ಆರೇ ಗುಂಡು, ದುಂಡಗಿನ ಒಂದು ಗಾಲಿಯಲ್ಲಿ ಆರು ತೂತು, ಅದು ತಿರುಗುತ್ತಾ ಹೋಗುತ್ತೆ. ಒಂದು ಗುಂಡು ಹಾರದಿದ್ದರೆ ಮತ್ತೆ ಒತ್ತಿದರೆ ಮುಂದಿನದು ಬರುತ್ತೆ. "ಆದ್ರೆ ಆರೇ ಅಲ್ವಾ ಭಾವ" ಅಂತ ತಮ್ಮ. "ಬರೋರು ಇಬ್ಬರೇ ಅಲ್ವೇನೋ" ಅಂತ ಇವರು. "ಮೂವರು ಬಂದ್ರೆ?" "ಮೂವರಿಗೂ ಎರಡೆರಡು ಆಗುತ್ತಲ್ಲ." ಪಂಕ್ತಿಗೆ ಹೋಳಿಗೆ ಬಡಿಸುವ ಲೆಕ್ಕ! ನಾನು ಒಳಗಿನಿಂದ, "ಆರಾದ್ರೇನು ಎಂಟಾದ್ರೇನು, ಮೊದಲನೇದಕ್ಕೇ ನೀವು ಕಣ್ಣು ಮುಚ್ಚಿಕೊಳ್ತೀರಲ್ಲ ರೀ" ಅಂದೆ. ಇಬ್ಬರೂ ನನ್ನನ್ನು ಸೇರಿಸಿಕೊಳ್ಳಲಿಲ್ಲ. ಆರು ವಾರ ಹೀಗೇ. ಊಟಕ್ಕೆ ಕೂತರೂ ಅದೇ, ವಾಕಿಂಗ್ ಹೋದರೂ ಅದೇ. ಆದರೂ ಒಂದು ಮಾತು ಹೇಳಬೇಕು. ಈ ಗಲಾಟೆಯಲ್ಲಿ ಅವರು ಮತ್ತೆ ಮಾತಾಡೋಕೆ ಶುರು ಮಾಡಿದರು. ನನಗೆ ಒಳಗೊಳಗೇ ಖುಷಿ. ಸುಮ್ಮನೆ ಬೈಯ್ಯುತ್ತಿದ್ದೆ ಅಷ್ಟೇ.

ಕೊನೆಗೆ ಅಂಗಡಿಗೇ ಹೋಗಿ ನೋಡೋಣ ಅಂತಾಯ್ತು. ಶನಿವಾರ ಕಬ್ಬಿಣ ಮನೆಗೆ ತರೋ ಹಾಗಿಲ್ಲ, ಮಂಗಳವಾರ ಬೇಡ, ಗುರುವಾರ ಮಧ್ಯಾಹ್ನ ರಾಹುಕಾಲ. ಬುಧವಾರ ಬೆಳಿಗ್ಗೆ ಹೊರಟೆವು. ನಾನೂ ಹೋದೆ. ನಾನಿಲ್ಲದೆ ಇವರು ಇವತ್ತಿನವರೆಗೆ ಒಂದು ಬನೀನ್ ಕೊಂಡಿಲ್ಲ, ಇನ್ನು ಬಂದೂಕು ಕೊಳ್ತಾರಾ?

ದಂಡು ಪ್ರದೇಶದ ಕಡೆ ಒಂದು ಹಳೇ ಕಟ್ಟಡದಲ್ಲಿ ಆ ಅಂಗಡಿ. ಒಳ್ಳೆ ಕನ್ನಡಕದಂಗಡಿ ಥರ ಇದೆ, ಗಾಜಿನ ಪೆಟ್ಟಿಗೆಯಲ್ಲಿ ಕನ್ನಡಕದ ಬದಲು ಇವು. ಮಾಲೀಕರು ವಯಸ್ಸಾದವರು, ತುಂಬಾ ಸಮಾಧಾನದ ಮನುಷ್ಯ. ಎರಡನ್ನೂ ತೆಗೆದು, ಒಳಗೆ ಗುಂಡಿಲ್ಲ ಅಂತ ತೋರಿಸಿ, ಹಸಿರು ಬಟ್ಟೆ ಮೇಲೆ ಇಟ್ಟರು. ನಾನು ತುಕ್ಕು ಹಿಡಿಯುತ್ತಾ ಅಂತ ಕೇಳಿದೆ, ಎಣ್ಣೆ ಹಾಕ್ತಾ ಇದ್ದರೆ ಹಿಡಿಯಲ್ಲ ಅಂದರು. ಬೇರೆ ಬಣ್ಣ ಇದೆಯಾ ಅಂತ ಕೇಳಿದೆ. ನಮ್ಮನೆಯವರು ನನ್ನ ಕಾಲು ತುಳಿದರು.

ಮೊದಲು ರಿವಾಲ್ವರ್ ಹಿಡಿದರು. ಅದರ ಕುದುರೆ, ಅಂದರೆ ಬೆರಳಿಟ್ಟು ಎಳೆಯುವ ಕೊಕ್ಕೆ, ಎಳೆಯಕ್ಕೆ ಬಲ ಬೇಕು. ಇವರು ಎಳೆಯುವಾಗ ಬೆರಳಿನ ಜೊತೆ ಕೆನ್ನೆ, ಹುಬ್ಬು, ಕಿವಿ ಎಲ್ಲಾ ಹಿಂದಕ್ಕೆ ಹೋದವು. ಟಕ್ ಅಂತು. "ಗಟ್ಟಿ ಇದೆ" ಅಂದರು ಬೆವರು ಒರೆಸಿಕೊಳ್ಳುತ್ತಾ. "ಗಟ್ಟಿ ಇರೋದೇ ಒಳ್ಳೇದು ಸಾರ್, ಕೈತಪ್ಪಿ ಹಾರಲ್ಲ" ಅಂದರು ಮಾಲೀಕರು. ತಮ್ಮ ತಡೆಯಲಾರದೆ, "ಕೊಡಿ ಇಲ್ಲಿ, ನಾನು ಪಿಸ್ತೂಲ್ ತೋರಿಸ್ತೀನಿ" ಅಂತ ಮೇಲಿನ ಭಾಗ ಚಟಾರ್ ಅಂತ ಹಿಂದಕ್ಕೆಳೆದು ಬಿಟ್ಟ. ಹೆಬ್ಬೆರಳಿನ ಪಕ್ಕದ ಚರ್ಮ ಸಿಕ್ಕಿಕೊಂಡಿತು. "ಅಮ್ಮಾ!" ಅಂತ ಕೂಗಿದ್ದು ಬೀದಿಗೆ ಕೇಳಿಸಿರಬೇಕು. ಮಾಲೀಕರು ಡ್ರಾಯರಿನಿಂದ ಬ್ಯಾಂಡೇಜ್ ತೆಗೆದು ಕೊಟ್ಟರು. ದಿನಕ್ಕೊಬ್ಬ ಭಾವಮೈದುನ ಬರ್ತಾನೆ ಅಂತ ಕಾಣುತ್ತೆ.

ಇಷ್ಟಾದರೂ ತೀರ್ಮಾನ ಇಲ್ಲ. ಇವರು ಒಂದನ್ನು ಎತ್ತೋದು, ಇಡೋದು, ಇನ್ನೊಂದನ್ನು ಎತ್ತೋದು. ಆಗ ಮಾಲೀಕರು ನನ್ನ ಕಡೆ ತಿರುಗಿ, "ಮೇಡಂ, ಮನೇಲಿ ಆಯುಧ ಪೂಜೆ ಮಾಡ್ತೀರಾ?" ಅಂದರು.

"ಇದೇನ್ರೀ ಹೀಗೆ ಕೇಳ್ತೀರಿ! ಸ್ಕೂಟರಿಂದ ಹಿಡಿದು ಈಳಿಗೆಮಣೆವರೆಗೂ ಮಾಡ್ತೀವಿ."

"ಹಾಗಾದ್ರೆ ರಿವಾಲ್ವರ್ ತಗೊಳ್ಳಿ" ಅಂದರು. "ಪ್ರತಿ ವರ್ಷ ವಿಜಯದಶಮಿ ಆದ ಮಾರನೇ ದಿನ ನನ್ನ ಹತ್ರ ಪಿಸ್ತೂಲ್‌ಗಳು ಸಾಲಾಗಿ ಬರ್ತವೆ. ಒಳಗೆ ಗಂಧ, ಕುಂಕುಮ, ಅಕ್ಷತೆ. ಹೋದ ವರ್ಷ ಒಬ್ರು ಪಂಚಾಮೃತದ ಅಭಿಷೇಕಾನೇ ಮಾಡ್ಬಿಟ್ಟಿದ್ರು. ಬಾಳೆಹಣ್ಣು ಸೂಜಿ ಹಾಕಿ ತೆಗೆದೆ. ರಿವಾಲ್ವರ್ ಆದ್ರೆ ತೆರೆದು ಒರೆಸಿದ್ರೆ ಆಯ್ತು."

ಆರು ವಾರದ ಯುದ್ಧ ಒಂದು ನಿಮಿಷದಲ್ಲಿ ಮುಗಿಯಿತು. ತಮ್ಮ ಕೂಡ ಬ್ಯಾಂಡೇಜ್ ನೋಡಿಕೊಂಡು ತಲೆಯಾಡಿಸಿದ.

ತಂದ ತಿಂಗಳಿಗೆ ಆಯುಧ ಪೂಜೆ ಬಂತು. ಹೊಲಿಗೆ ಮೆಷಿನ್ನಿನ ಪಕ್ಕದಲ್ಲಿ ಮಣೆ ಹಾಕಿ ಇಟ್ಟೆವು. ಎಷ್ಟು ಹುಷಾರಾಗಿ ಮಾಡಿದರೂ ಕುಂಕುಮದ ಚಿಟಿಕೆ ಗಾಲಿಯೊಳಗೆ ಬಿದ್ದಿತ್ತು, ಒರೆಸಿದೆವು, ಹೋಯ್ತು. ಮಾರನೇ ದಿನದಿಂದ ನಮ್ಮನೆಯವರು ಅಂಗಡಿ ಎಂಟರವರೆಗೆ ತೆರೆದಿಡೋಕೆ ಶುರು ಮಾಡಿದರು. ನನಗೆ ಕುಣಿದಾಡುವಷ್ಟು ಸಂತೋಷ. ಗೆದ್ದೆವು ಅಂದುಕೊಂಡೆ.

ಗೆದ್ದಿದ್ದು ಎಲ್ಲಿ ಬಂತು! ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷಿಲಿ ಅನ್ನೋ ಹಾಗಾಯ್ತು. ಸೊಂಟಕ್ಕೆ ಕಟ್ಟಿಕೊಂಡರೆ ಪ್ಯಾಂಟ್ ಜಾರುತ್ತೆ. ಬೆಲ್ಟಿಗೆ ಎರಡು ತೂತು ಹೊಸದಾಗಿ ಕೊರೆಸಿದರು, ಆಗ ಊಟ ಮಾಡಿದರೆ ಉಸಿರು ಕಟ್ಟುತ್ತೆ. ಕೊನೆಗೆ ಒಂದು ಕೈಚೀಲದಲ್ಲಿ ಹಾಕಿಕೊಂಡು, ಆ ಚೀಲವನ್ನು ಬಾಣಂತಿ ಮಗುವನ್ನು ಇಟ್ಟುಕೊಂಡ ಹಾಗೆ ಇಪ್ಪತ್ತನಾಲ್ಕು ಗಂಟೆ ಇಟ್ಟುಕೊಳ್ಳೋರು. ಹಜಾಮರ ಅಂಗಡಿಯಲ್ಲಿ ಬಟ್ಟೆ ಹೊದಿಸಿದರೆ ಕೆಳಗೆ ಚೀಲ. ಮೊದಲು ಬೆಳ್ಳಿ ಕದ್ದಾರು ಅಂತ ಒಂದು ಭಯ ಇತ್ತು. ಈಗ ಬೆಳ್ಳಿ ಕದ್ದಾರು, ರಿವಾಲ್ವರ್ ಕದ್ದಾರು ಅಂತ ಎರಡಾಯ್ತು. ಬಂದ ಗಿರಾಕಿಗಳ ಮುಖ ನೋಡೋದು ಬಿಟ್ಟು ಅವರ ಕೈ ನೋಡೋಕೆ ಶುರು ಮಾಡಿದ್ದರು. ಹಳೇ ಗಿರಾಕಿ ಒಬ್ಬರು ನನ್ನ ಹತ್ತಿರವೇ, "ಯಾಕೆ ಯಜಮಾನ್ರು ಈಗೀಗ ನಗೋದೇ ಇಲ್ಲ?" ಅಂತ ಕೇಳಿದರು. ದೀಪಾವಳಿಯಲ್ಲಂತೂ ಕೇಳಬೇಡಿ. ಇಡೀ ಬೀದಿಯಲ್ಲಿ ಗನ್ ಇರೋ ಒಬ್ಬರೇ ಗಂಡಸು ಕಿವಿಗೆ ಹತ್ತಿ ಇಟ್ಟುಕೊಂಡು ಒಳಕೋಣೆಯಲ್ಲಿ ಕೂತಿದ್ದರು.

ದೀಪಾವಳಿ ಆಗಿ ಹದಿನೈದು ದಿನ ಆಗಿರಬೇಕು. ಒಂದು ಸಂಜೆ ಏಳಕ್ಕೇ ಮನೆಗೆ ಬಂದರು. ಚಪ್ಪಲಿ ಬಿಡೋದನ್ನೂ ಮರೆತು ಅಡುಗೆಮನೆಗೆ ಬಂದು ನೆಲದ ಮೇಲೆ ಕೂತರು. ಚೀಲವನ್ನು ತಾವೇ ದೂರ ತಳ್ಳಿದರು. ನಾನು ಮತ್ತೆ ಕಳ್ಳತನ ಆಯ್ತೇನೋ ಅಂದುಕೊಂಡು, ಒಲೆ ಆರಿಸಿ ಎದುರಿಗೆ ಕೂತೆ. ಆಮೇಲೆ ಹೇಳಿದರು.

ಆರೂವರೆ ಹೊತ್ತಿಗೆ ಅಂಗಡಿ ಮುಂದೆ ಬೈಕ್ ನಿಂತಿತು. ಒಬ್ಬ ಹುಡುಗ ಹೆಲ್ಮೆಟ್ ತೆಗೆಯದೇ ಒಳಗೆ ನುಗ್ಗಿದ. ಅಂಗಡಿಯಲ್ಲಿ ಬೇರೆ ಯಾರೂ ಇಲ್ಲ. ಗಲ್ಲಾ ಹತ್ತಿರ ಬಂದವನೇ ಜಾಕೆಟ್ಟಿನ ಒಳಗೆ ಕೈ ಹಾಕಿದ. ಇವರ ಕೈ ಚೀಲದೊಳಗೆ ಹೋಯ್ತು. ರಿವಾಲ್ವರ್ ಹಿಡಿದಾಯ್ತು, ಬೆರಳು ಕುದುರೆ ಮೇಲೆ ಕೂತಾಯ್ತು, ಗಲ್ಲಾ ಕೆಳಗಿಂದಲೇ ಅವನ ಹೊಟ್ಟೆಗೆ ಗುರಿ. ಅವನು ಜಾಕೆಟ್ಟಿನಿಂದ ಕೈ ಹೊರಗೆ ತೆಗೆದ. ಕೈಯಲ್ಲಿ ಒಂದು ಬಿಳೀ ದಾರ.

"ಅಣ್ಣಾರ, ನಮ್ಮ ಕೂಸಿಗೆ ಬೆಳ್ಳಿ ಉಡದಾರ ಬೇಕಾಗೇತ್ರಿ" ಅಂದನಂತೆ. "ನಡಾ ಅಳತಿ ತಂದೀನಿ. ನಾಳೆ ತೊಟ್ಟಿಲಿಗೆ ಹಾಕೂದೈತ್ರಿ, ನೀವು ಬಾಗಿಲ ಹಾಕಿಬಿಟ್ಟೀರಂತ ಓಡಿ ಬಂದೆ."

ಆಮೇಲೆ ಹೆಲ್ಮೆಟ್ ತೆಗೆದ. ಇನ್ನೂ ಚಿಕ್ಕ ವಯಸ್ಸು. ವಿಜಯಪುರದ ಕಡೆಯವನು, ಬಿಟಿಎಂನಲ್ಲಿ ಬಾಡಿಗೆ ಮನೆ, ಮೊದಲನೇ ಮಗು. ಆ ದಾರ, ಮಗುವಿನ ಸೊಂಟಕ್ಕೆ ಸುತ್ತಿ ಗಂಟು ಹಾಕಿ ಕತ್ತರಿಸಿಕೊಂಡು ಬಂದಿದ್ದು. ಇಷ್ಟುದ್ದ ಅಂತ ನಮ್ಮನೆಯವರು ನನಗೆ ಬೆರಳಿನಲ್ಲಿ ತೋರಿಸಿದರು. ಉಡಿದಾರ ಪೊಟ್ಟಣ ಕಟ್ಟಿ ಕೊಡುವಾಗ ಗಂಟು ಹಾಕಕ್ಕೇ ಆಗಲಿಲ್ಲವಂತೆ, ಆ ಹುಡುಗನೇ ಕಟ್ಟಿಕೊಂಡನಂತೆ. "ಆರಾಮ ಇಲ್ಲೇನ್ರಿ ಅಣ್ಣಾರ? ನೀರ ಕುಡೀರಿ" ಅಂತ ಗಲ್ಲಾ ಮೇಲಿದ್ದ ಬಾಟಲಿಯ ಮುಚ್ಚಳ ತೆಗೆದು ಕೊಟ್ಟನಂತೆ.

"ಕುದುರೆ ಗಟ್ಟಿ ಇತ್ತು ಕಣೇ" ಅಂದರು ನಮ್ಮನೆಯವರು. "ಅರ್ಧ ಎಳೆದಿದ್ದೆ. ಗಟ್ಟಿ ಇದ್ದಿದ್ದಕ್ಕೆ ಅವನು ಬದುಕಿದ." ಹೇಳಿ ಅತ್ತರು. ಮದುವೆಯಾಗಿ ಮೂವತ್ತೈದು ವರ್ಷದಲ್ಲಿ ಅವರ ಅಪ್ಪ ಹೋದಾಗ ಒಂದು ಸಲ ಅತ್ತಿದ್ದು ನೋಡಿದ್ದೆ. ಈ ಸಲ ನಾನು ನಗಲಿಲ್ಲ. ನನಗೆ ಆ ಮಗುವಿನ ಸೊಂಟವೇ ಕಣ್ಣಮುಂದೆ ಬರ್ತಾ ಇತ್ತು. ಇಬ್ಬರೂ ಅಲ್ಲೇ ನೆಲದ ಮೇಲೆ ಕೂತು ಅತ್ತೆವು.

ಬೆಳಿಗ್ಗೆ ಒಂಬತ್ತಕ್ಕೇ ಆ ಗನ್ ಅಂಗಡಿಯ ಬಾಗಿಲಲ್ಲಿ ನಿಂತಿದ್ದೆವು. ಅವತ್ತು ಯಾವ ವಾರ, ಯಾವ ಕಾಲ ಅಂತ ಇಬ್ಬರೂ ನೋಡಿರಲಿಲ್ಲ. ಮಾಲೀಕರು ಬೀಗ ತೆಗೆಯುತ್ತಾ ಇದ್ದವರು ನಮ್ಮನ್ನು ನೋಡಿ, "ಏನಾಯ್ತು ಸಾರ್? ಪಿಸ್ತೂಲೇ ಬೇಕಿತ್ತು ಅನ್ನಿಸ್ತಾ? ಇಲ್ಲಾ, ಇದು ಕೆಲಸ ಮಾಡ್ತಿಲ್ವಾ?" ಅಂದರು.

"ಸರಿಯಾಗೇ ಕೆಲಸ ಮಾಡುತ್ತೆ ಸಾರ್. ಅದಕ್ಕೇ ತಂದಿದ್ದೀನಿ" ಅಂದರು ಇವರು.

ಆ ಮನುಷ್ಯ ಒಳಗೆ ಕರೆದರು. ಕೂರಿಸಿ ಕಾಫಿ ತರಿಸಿದರು. ರಿವಾಲ್ವರನ್ನು ತಾವೇ ಇಟ್ಟುಕೊಂಡು ರಶೀದಿ ಕೊಟ್ಟು, ಲೈಸೆನ್ಸ್ ವಾಪಸ್ ಮಾಡಕ್ಕೆ ಯಾರಿಗೆ ಹೇಗೆ ಅರ್ಜಿ ಬರೆಯಬೇಕು ಅಂತ ಹೇಳಿಕೊಟ್ಟರು. ತಮ್ಮನಿಗೆ ಫೋನ್ ಮಾಡಿ ಹೇಳಿದಾಗ, "ಅಯ್ಯೋ, ಪಿಸ್ತೂಲ್ ತಗೊಂಡಿದ್ರೆ..." ಅಂತ ಶುರು ಮಾಡಿದ. "ಪಿಸ್ತೂಲ್ ತಗೊಂಡಿದ್ರೆ ಅಷ್ಟು ಗಟ್ಟಿ ಎಳೀಬೇಕಾಗಿರ್ಲಿಲ್ಲ ಕಣೋ, ಒಂದು ಕೂಸು ಅಪ್ಪನಿಲ್ಲದೆ ತೊಟ್ಟಿಲು ಹತ್ತುತ್ತಿತ್ತು, ಇಡು ಫೋನು" ಅಂತ ಜಾಡಿಸಿದೆ.

ಅವತ್ತು ಸಂಜೆ ನಾನೂ ಅಂಗಡಿಗೆ ಹೋದೆ. ಇವರು ಅಂಗಡಿ ತೆಗೀತಾರಾ, ಇಲ್ಲಾ ಇದೇ ಕೊನೇನಾ ಅಂತ ನನಗೆ ಜೀವ ಹಿಡಿಯಷ್ಟಾಗಿತ್ತು. ತೆಗೆದರು. ಒಂದು ಬೈಕ್ ಬಂದು ಹೊರಗೆ ನಿಂತಾಗ ಅವರ ಭುಜ ಬಿಗಿಯಾಗಿದ್ದು ನೋಡಿದೆ. ಎರಡೂ ಕೈಯನ್ನು ಗಲ್ಲಾ ಮೇಲೆ ಚಾಚಿ ಇಟ್ಟುಕೊಂಡು, "ಬನ್ನಿ ಬನ್ನಿ, ಏನು ಕೊಡ್ಲಿ?" ಅಂದರು. ಬಂದವನು ಗೆಜ್ಜೆಯ ತಿರುಪು ಹಾಕಿಸಿಕೊಂಡು ಹೋದ. ಎಂಟು ಹೊಡೆಯಿತು.

"ಭಯ ಹೋಯ್ತಾ ರೀ?" ಅಂತ ಕೇಳಿದೆ.

"ಇಲ್ಲ. ಇದೆ" ಅಂದರು ದೀಪ ಆರಿಸುತ್ತಾ. "ಇರ್ಲಿ ಬಿಡು. ಬರೀ ನನ್ನ ಭಯದಿಂದ ಯಾರೂ ಸಾಯಲ್ಲ."

ಬೀದಿಗೆ ಕಾಣೋ ಹಾಗೆ ಅಳೋದು ಚೆನ್ನಾಗಿರಲ್ಲ ಅಂತ, "ಮಾತು ಸಾಕು, ಶಟರ್ ಎಳೀರಿ, ಸಾರಿಗೆ ಒಗ್ಗರಣೆ ಹಾಕೋದು ಬಾಕಿ ಇದೆ" ಅಂತ ರೇಗಿದೆ. ಒಂದು ಕೊನೆ ಅವರು ಹಿಡಿದರು, ಒಂದು ಕೊನೆ ನಾನು ಹಿಡಿದೆ, ಎಳೆದು ಬೀಗ ಹಾಕಿ ಮನೆಗೆ ಬಂದೆವು.